ತುಕ್ಕು ಒಳಗಿಂದ ಬರುತ್ತದೆ: ಹಳೇ ವ್ಯಾನು, ಮೇಣದ ಕೋಟಿಂಗು ಮತ್ತು ನಿಮ್ಮ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹಳೇ ವ್ಯಾನುಗಳದ್ದೇ ದರ್ಬಾರು. ಬೈಕು, ಕಾರಿನವರು ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಸರದಿ ಮುಂದಿನ ಸಂಚಿಕೆಗೆ. ತುಕ್ಕಿನ ಬಗ್ಗೆ ಬಂದ ಪತ್ರಗಳನ್ನೆಲ್ಲ ಒಂದೇ ಕಡೆ ಕೂಡಿಸಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಂಡು ಮುಂದೆ ಹೋಗಿ. ಒಂದೇ ಮಾತನ್ನು ಎಲ್ಲರಿಗೂ ಬರೆಯುವಷ್ಟು ಜಾಗ ಸಂಪಾದಕರು ಕೊಡುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ 1974ರ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್ ಇದೆ. ಕೊಳೆತ ಕಡೆಯೆಲ್ಲ ಹೊಸ ತಗಡು ಹಾಕಿಸಿ, ಟಿಂಕರಿಂಗ್, ಪೇಂಟಿಂಗ್ ಮುಗಿಸಿದ್ದೇನೆ. ಅಡಿಗೆ ದಪ್ಪಗೆ ಕಪ್ಪು ಟಾರಿನ ಕೋಟಿಂಗ್ ಹೊಡೆದುಬಿಡೋಣ ಎಂದು ಪೇಂಟರ್ ಹೇಳುತ್ತಾರೆ. ಮೇಣದ ಕೋಟಿಂಗೇ ಒಳ್ಳೆಯದು ಎಂದು ಸ್ನೇಹಿತ ಹೇಳುತ್ತಾನೆ. ಯಾರ ಮಾತು ಕೇಳಲಿ? ಮೇಣವಾದರೆ ಎಲ್ಲಿಂದ ಶುರು ಮಾಡಲಿ?
— ಇಬ್ಬರ ನಡುವೆ ಸಿಕ್ಕಿಕೊಂಡವ

ಉತ್ತರ: ಸ್ನೇಹಿತನ ಮಾತು ಕೇಳಿ. ಹಾಗಂತ ಪೇಂಟರ್ ಮೇಲೆ ಸಿಟ್ಟಾಗಬೇಡಿ. ಅವರು ನೋಡುತ್ತಿರುವುದು ವ್ಯಾನಿನ ಅಡಿಯನ್ನು. ಅಲ್ಲಿ ಕಲ್ಲು ಸಿಡಿಯುತ್ತದೆ, ಕೆಸರು ಹಾರುತ್ತದೆ. ದಪ್ಪಗೆ ಏನಾದರೂ ಬಳಿದರೆ ಕ್ಷೇಮ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ವ್ಯಾನುಗಳನ್ನು ಕೊಲ್ಲುವ ತುಕ್ಕು ಕಣ್ಣಿಗೆ ಬೀಳುವ ಕಡೆ ಹುಟ್ಟುವುದಿಲ್ಲ.

ನಿಮ್ಮ ವ್ಯಾನಿಗೆ ಬಿಚ್ಚಿ ಬೇರೆ ಮಾಡುವಂಥ ಚಾಸಿ ಇಲ್ಲ. ಉದ್ದಕ್ಕೂ ಹೋಗುವ ತೊಲೆಗಳು, ಅವುಗಳಿಂದ ಪಕ್ಕಕ್ಕೆ ಚಾಚಿದ ತೋಳುಗಳು, ಬಾಗಿಲ ಕೆಳಗಿನ ಸಿಲ್, ಜಾಕ್ ಕೊಡುವ ಜಾಗ, ಎಲ್ಲವನ್ನೂ ನೆಲದ ತಗಡಿಗೆ ಸೇರಿಸಿ ವೆಲ್ಡ್ ಮಾಡಿದ್ದಾರೆ. ಇವೆಲ್ಲ ಒಳಗೆ ಟೊಳ್ಳು. ಸಿಲ್ ಅಂತೂ ಒಳಗಿನದು, ನಡುವಿನದು, ಹೊರಗಿನದು ಎಂದು ಮೂರು ಪದರದ್ದು. ತಗಡು ಹೆಚ್ಚು ಕಡೆ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಆ ಕಾಲದಲ್ಲಿ ಈ ತಗಡಿಗೆ ಸತುವಿನ ಲೇಪವೂ ಇರಲಿಲ್ಲ. ನಿಮ್ಮ ಪೇಂಟರ್ ಹೊರಗೆ ಎಷ್ಟೇ ಚೆಂದ ಪೇಂಟ್ ಹೊಡೆದಿದ್ದರೂ ಅವರ ಗನ್ ಈ ಟೊಳ್ಳಿನೊಳಗೆ ಹೋಗಿಲ್ಲ. ಹೋಗುವುದು ಸಾಧ್ಯವೂ ಇಲ್ಲ. ಅಲ್ಲದೆ ಹೊಸ ತಗಡು ವೆಲ್ಡ್ ಮಾಡಿದಾಗ ಹಿಂಬದಿಯಲ್ಲಿದ್ದ ಪ್ರೈಮರ್ ಸುಟ್ಟುಹೋಗಿರುತ್ತದೆ. ಅಂದರೆ ಈಗ ನಿಮ್ಮ ವ್ಯಾನಿನಲ್ಲಿ ಬರೀ ಕಬ್ಬಿಣವಾಗಿ ನಿಂತಿರುವುದು ನೀವು ಹೊಸದಾಗಿ ದುಡ್ಡು ಸುರಿದ ಜಾಗಗಳೇ.

ಟೊಳ್ಳಿನೊಳಗೆ ನೀರು ಹೇಗೆ ಬರುತ್ತದೆ ಅಂತ ಕೇಳಬೇಡಿ. ಹೇಗೂ ಬರುತ್ತದೆ. ಕಿಟಕಿಯ ಹಳೇ ರಬ್ಬರಿನಿಂದ, ಬಾಗಿಲ ಗಾಜಿನ ಸಂದಿಯಿಂದ, ಹಿಂದೆ ಎಂಜಿನ್‌ಗೆ ಗಾಳಿ ಹೋಗಲು ಇಟ್ಟ ಪಕ್ಕದ ಜಾಲರಿಯಿಂದ. ಮಳೆ ಇಲ್ಲದಿದ್ದರೂ ರಾತ್ರಿ ತಗಡು ತಣ್ಣಗಾದಾಗ ಗಾಳಿಯಲ್ಲಿರುವ ತೇವವೇ ಒಳಗೆ ಹನಿಗಟ್ಟುತ್ತದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಸಾಕು, ಬರೀ ಕಬ್ಬಿಣ ತುಕ್ಕು ಹಿಡಿಯಲು ಶುರುವಾಗುತ್ತದೆ. ಧೂಳು, ಉಪ್ಪು ಸೇರಿಕೊಂಡಿದ್ದರೆ ಅದಕ್ಕಿಂತ ಕಡಿಮೆಗೂ ಆಗುತ್ತದೆ.

ಈಗ ಟಾರಿನ ಕೋಟಿಂಗ್ ವಿಷಯ. ಹೊಸದರಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ವರ್ಷ ಕಳೆದಂತೆ ಒಣಗುತ್ತದೆ, ಗಟ್ಟಿಯಾಗುತ್ತದೆ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಕಪ್ಪಗೆ, ದಪ್ಪಗೆ, ಭದ್ರವಾಗಿ ಕಾಣುತ್ತದೆ. ಹಿಂದೆ ತಗಡು ಕರಗುತ್ತಿರುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ವ್ಯಾನಿನ ಅಡಿ ಮಲಗಿ, ಸ್ಕ್ರೂಡ್ರೈವರ್ ಹಿಡಿಕೆಯಿಂದ ಆ ಕೋಟಿಂಗನ್ನು ತಟ್ಟಿ ಕಿವಿಗೊಡುತ್ತಿದ್ದರು. ಟಣ್ ಅಂದರೆ ಮುಂದಕ್ಕೆ. ಡಬ್ ಅಂದರೆ ಅಲ್ಲೇ ಸೀಮೆಸುಣ್ಣದಲ್ಲಿ ಗೆರೆ. ಗೆರೆ ಹಾಕಿದ ಕಡೆ ಕೆರೆದರೆ ಕೋಟಿಂಗಿನ ಜೊತೆ ತುಕ್ಕೂ ಚಕ್ಕೆ ಚಕ್ಕೆಯಾಗಿ ಕೈಗೆ ಬರುತ್ತಿತ್ತು.

ಮೇಣದ ಗುಣ ಬೇರೆ. ಅದು ಪೂರ್ತಿ ಒಣಗುವುದಿಲ್ಲ. ಮೆತ್ತಗೇ ಇರುತ್ತದೆ. ಸಣ್ಣ ಗೀರು ಬಿದ್ದರೆ ತಾನೇ ಹರಿದು ಮುಚ್ಚಿಕೊಳ್ಳುತ್ತದೆ. ಇನ್ನೂ ಮುಖ್ಯವಾದದ್ದು, ಎರಡು ತಗಡು ಸೇರಿದ ಸಂದಿಗೆ ಅದು ಎಳೆದುಕೊಂಡು ಹೋಗುತ್ತದೆ. ನೀರು ಯಾವ ಸಂದಿಗೆ ನುಗ್ಗುತ್ತದೋ ಅದೇ ಸಂದಿಗೆ, ಅದೇ ರೀತಿಯಲ್ಲಿ. ಸ್ಪಾಟ್ ವೆಲ್ಡ್ ಮಾಡಿದ ಅಂಚಿನೊಳಗೆ ಹೋಗಬಲ್ಲ ಪೇಂಟ್ ಯಾವುದೂ ಇಲ್ಲ. ಮೇಣ ಹೋಗುತ್ತದೆ.

ಆದರೆ ಎಲ್ಲ ಕಡೆಗೂ ಒಂದೇ ಮೇಣ ಅಲ್ಲ. ಟೊಳ್ಳಿನೊಳಗೆ ಹೊಡೆಯುವುದು ತೆಳು. ಅದಕ್ಕೆ ಹರಿಯುವ ಗುಣ ಬೇಕು. ಅಡಿಗೆ ಬಳಿಯುವುದು ದಪ್ಪ. ಅದಕ್ಕೆ ಕಲ್ಲಿನ ಏಟು ತಡೆಯುವ ಶಕ್ತಿ ಬೇಕು. ಡೈನಿಟ್ರೋಲ್, ಬಿಲ್ಟ್ ಹ್ಯಾಂಬರ್‌ನಂಥ ಕಂಪನಿಗಳು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮಾರುತ್ತವೆ. ಬ್ರ್ಯಾಂಡ್ ಬಗ್ಗೆ ಜನ ಜಗಳವಾಡುವುದನ್ನು ನೋಡಿದ್ದೇನೆ. ನನ್ನ ಅನಿಸಿಕೆ ಕೇಳಿದರೆ, ಒಳ್ಳೆಯ ಹೆಸರಿನ ಯಾವುದಾದರೂ ಆಗುತ್ತದೆ. ಕೆಲಸ ಕೆಡುವುದು ಡಬ್ಬಿಯಿಂದಲ್ಲ, ಹೊಡೆಯುವ ಮೊದಲಿನ ತಯಾರಿಯಿಂದ.

ತಯಾರಿ ಅಂದರೆ ಮುಖ್ಯವಾಗಿ ಎರಡು: ಕೆಸರು ತೆಗೆಯುವುದು, ಒಣಗಿಸುವುದು. ಸಿಲ್ ಒಳಗೆ ಪೈಪ್ ಬಿಟ್ಟು ನೀರು ಹರಿಸಿ. ಕೆಳಗಿನ ತೂತುಗಳಿಂದ ಮೊದಲು ಕೆಂಪು ನೀರು, ಆಮೇಲೆ ಮಣ್ಣು, ಕೊನೆಗೆ ತಿಳಿ ನೀರು ಬರುತ್ತದೆ. ಏನೂ ಬರದಿದ್ದರೆ ತೂತು ಕಟ್ಟಿದೆ ಎಂದರ್ಥ. ತಂತಿ ಹಾಕಿ ಬಿಡಿಸಿ. ಈ ತೂತುಗಳು ಮೇಣಕ್ಕಿಂತ ಮುಖ್ಯ. ಇವು ತೆರೆದಿದ್ದರೆ ಮೇಣ ಇಲ್ಲದ ವ್ಯಾನೂ ಸ್ವಲ್ಪ ಕಾಲ ಬದುಕುತ್ತದೆ. ಇವು ಮುಚ್ಚಿದ್ದರೆ ಎಂಥ ಮೇಣ ಹಾಕಿದರೂ ಪ್ರಯೋಜನ ಇಲ್ಲ.

ಆಮೇಲೆ ಒಣಗಬೇಕು. ಮುಟ್ಟಿ ನೋಡಿ ಒಣಗಿದೆ ಅನ್ನುವುದು ಸಾಲದು, ನಿಮ್ಮ ಕೈ ತಲುಪದ ಸಂದಿಯೂ ಒಣಗಬೇಕು. ಒಳ್ಳೆ ಬಿಸಿಲು ಇರುವ ಕೆಲವು ದಿನ ಬಿಡಿ. ವ್ಯಾನ್ ಓಡಿಸಿ, ಗಾಳಿ ಆಡಲಿ. ಕಂಪ್ರೆಸರ್ ಇದ್ದರೆ ಗಾಳಿ ಊದಿ. ಬಿಸಿಗಾಳಿಯ ಫ್ಯಾನನ್ನು ಸಿಲ್ ಬಾಯಿಗೆ ಹಿಡಿದರೆ ಇನ್ನೂ ಒಳ್ಳೆಯದು. ನೀರಿನ ಮೇಲೆ ಮೇಣ ಹೊಡೆದರೆ ನೀರನ್ನು ಒಳಗೆ ಬೀಗ ಹಾಕಿ ಕೂರಿಸಿದ ಹಾಗೆ ಆಗುತ್ತದೆ.

ಹೊಡೆಯುವಾಗ ವಾತಾವರಣ 15ರಿಂದ 25 ಡಿಗ್ರಿ ಇದ್ದರೆ ಹಿತ. ಚಳಿಯಿದ್ದರೆ ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಇಡಿ. ಒಲೆಯ ಮೇಲೆ ಇಡಬೇಡಿ. ಹೇಳಬೇಕಾದ ಮಾತಲ್ಲ, ಆದರೂ ಹೇಳುತ್ತಿದ್ದೇನೆ. ಅದರಲ್ಲಿರುವ ದ್ರಾವಕಕ್ಕೆ ಬೇಗ ಬೆಂಕಿ ಹತ್ತುತ್ತದೆ. ತುದಿಯಲ್ಲಿ ಸುತ್ತಲೂ ಸಿಡಿಸುವ ನಾಜಲ್ ಇರುವ ಉದ್ದ ಪೈಪ್ ಬೇಕು. ಪೈಪನ್ನು ಮೊದಲು ಟೊಳ್ಳಿನ ಕೊನೆಯವರೆಗೆ ತೂರಿಸಿ. ಆಮೇಲೆ ಟ್ರಿಗರ್ ಒತ್ತಿ ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಬನ್ನಿ. ತೂರಿಸುವಾಗಲೇ ಹೊಡೆಯುತ್ತಾ ಹೋದರೆ ಬಾಯಲ್ಲಿ ಜಾಸ್ತಿ, ಒಳಗೆ ಏನೂ ಇಲ್ಲ ಅನ್ನುವಂತಾಗುತ್ತದೆ. ಕೆಳಗಿನ ತೂತುಗಳಿಂದ ಮೇಣ ತೊಟ್ಟಿಕ್ಕಲು ಶುರುವಾದರೆ ತಲುಪಿತು ಅಂತ ಲೆಕ್ಕ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಪೈಪ್ ಇದ್ದರೆ ಒಳಗೆ ಇಣುಕಿ ನೋಡಿ. ಮರುದಿನ ಎಲ್ಲ ತೂತಿಗೂ ಮತ್ತೆ ತಂತಿ ಹಾಕಿ, ಮೇಣವೇ ಅವನ್ನು ಮುಚ್ಚಿರಬಾರದಲ್ವಾ.

ನಿಮ್ಮ ಮಾಡೆಲ್‌ನಲ್ಲಿ ಬಿಡಲೇಬಾರದ ಜಾಗ ಹೇಳುತ್ತೇನೆ. ಸಿಲ್, ಅಡಿಯ ತೋಳುಗಳು, ಜಾಕ್ ಜಾಗ, ಇವು ಗೊತ್ತಿದ್ದದ್ದೇ. ಡ್ರೈವರ್ ಹತ್ತುವ ಮೆಟ್ಟಿಲಿನ ಹಿಂಬದಿಗೆ ಮುಂದಿನ ಚಕ್ರ ಕೆಸರು ಎಸೆಯುತ್ತಲೇ ಇರುತ್ತದೆ. ಅಲ್ಲಿ ಎಷ್ಟೋ ವ್ಯಾನುಗಳು ಮೊದಲು ಕೊಳೆಯುತ್ತವೆ. ಮುಂದಿನ ಗಾಜಿನ ಕೆಳಗಿನ ಅಂಚು. ಪಕ್ಕಕ್ಕೆ ಜಾರುವ ಬಾಗಿಲಿನ ತಳ. ಹಿಂದಿನ ಚಕ್ರದ ಆಚೆಗಿನ ಮೂಲೆಗಳು. ಎಂಜಿನ್ ಪಕ್ಕದಲ್ಲಿ ಬ್ಯಾಟರಿ ಕೂರುವ ತಟ್ಟೆಗೆ ಮೇಲಿಂದ ಜಾಲರಿಯ ನೀರು, ಒಳಗಿಂದ ಬ್ಯಾಟರಿಯ ಆಸಿಡ್, ಎರಡೂ ಬೀಳುತ್ತವೆ. ಅಲ್ಲಿ ಮೊದಲು ಅಡುಗೆ ಸೋಡಾ ಕರಗಿಸಿದ ನೀರಿನಿಂದ ಆಸಿಡ್ ತೊಳೆದು, ಒಳ್ಳೆ ಎಪಾಕ್ಸಿ ಪ್ರೈಮರ್ ಹೊಡೆದು, ಆಮೇಲೆ ಮೇಣ.

ಹೊಡೆಯಬಾರದ ಕಡೆಯೂ ಇದೆ. ಬ್ರೇಕ್ ಡ್ರಮ್ಮು, ಡಿಸ್ಕು, ಸೈಲೆನ್ಸರ್, ಡ್ರೈವ್ ಶಾಫ್ಟಿನ ರಬ್ಬರ್ ಬೂಟು, ಬ್ರೇಕಿನ ರಬ್ಬರ್ ಪೈಪು, ಇವನ್ನು ಪ್ಲಾಸ್ಟಿಕ್ ಸುತ್ತಿ ಮುಚ್ಚಿ. ಕಂಬದೊಳಗೆ ಹೊಡೆಯುವಾಗ ಸೀಟ್ ಬೆಲ್ಟ್ ಸುತ್ತುವ ಯಂತ್ರ ಅಲ್ಲೇ ಕೂತಿದೆಯೇ ನೋಡಿ. ನಿಮ್ಮದು ಗಾಳಿಯಿಂದ ತಣಿಯುವ ಎಂಜಿನ್. ಕ್ಯಾಬಿನ್‌ಗೆ ಬಿಸಿಗಾಳಿ ಹೋಗುವ ದೊಡ್ಡ ಕೊಳವೆ ಅಡಿಯಲ್ಲೇ ಸಾಗುತ್ತದೆ. ಅದೂ ಟೊಳ್ಳು ಅಂತ ಒಳಗೆ ಮೇಣ ಹೊಡೆದರೆ ಹೀಟರ್ ಹಾಕಿದಾಗಲೆಲ್ಲ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

ಅಡಿಯ ದಪ್ಪ ಮೇಣ ಕೊನೆಗೆ. ಅದು ಸುಲಭದ ಕೆಲಸ, ಬ್ರಷ್‌ನಲ್ಲೂ ಆಗುತ್ತದೆ. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಕನ್ನಡಕ ಹಾಕಿ. ಆವಿಗೆ ತಕ್ಕ ಮಾಸ್ಕ್ ಹಾಕಿ, ಬಟ್ಟೆಯ ಮಾಸ್ಕ್ ಸಾಲದು. ಬಾಗಿಲು ಕಿಟಕಿ ತೆರೆದ ಜಾಗದಲ್ಲಿ ಮಾಡಿ.

ಪ್ರಶ್ನೆ: ನನ್ನ ವ್ಯಾನಿನ ಸಿಲ್ ಒಳಗೆ ಕ್ಯಾಮೆರಾ ಬಿಟ್ಟು ನೋಡಿದೆ. ತೂತಾಗಿಲ್ಲ, ಆದರೆ ಎಲ್ಲ ಕಡೆ ಕಂದು ತುಕ್ಕು ಇದೆ. ತುಕ್ಕಿನ ಮೇಲೆ ಮೇಣ ಹೊಡೆದರೆ ನಿಲ್ಲುತ್ತದೆಯೇ? ಇಲ್ಲ ಮೊದಲು ತುಕ್ಕು ತೆಗೆಯಲೇಬೇಕೇ?
— ಒಳಗೆ ಇಣುಕಿ ನೋಡಿ ಹೆದರಿದವಳು

ಉತ್ತರ: ಇಣುಕಿ ನೋಡಿದ್ದೇ ದೊಡ್ಡ ಕೆಲಸ. ಎಷ್ಟೋ ಜನ ನೋಡುವುದೇ ಇಲ್ಲ.

ಮುಚ್ಚಿದ ಟೊಳ್ಳಿನೊಳಗಿನ ತುಕ್ಕನ್ನು ಪೂರ್ತಿ ತೆಗೆಯಲು ತಗಡು ಕತ್ತರಿಸದೆ ಆಗುವುದಿಲ್ಲ. ಹಾಗಾಗಿ ಪ್ರಶ್ನೆ ಇರುವುದು ನಿಲ್ಲಿಸುವುದರದ್ದಲ್ಲ, ನಿಧಾನ ಮಾಡುವುದರದ್ದು. ತುಕ್ಕು ಬೆಳೆಯಲು ಕಬ್ಬಿಣಕ್ಕೆ ನೀರೂ ಬೇಕು, ಆಮ್ಲಜನಕವೂ ಬೇಕು. ತುಕ್ಕು ಸ್ಪಂಜಿನಂಥ ವಸ್ತು, ಅದರೊಳಗೆಲ್ಲ ಸಣ್ಣ ಸಣ್ಣ ರಂಧ್ರ. ತೆಳು ಮೇಣ ಆ ರಂಧ್ರಗಳಿಗೆ ಇಳಿದು ಕೂತರೆ ನೀರಿಗೆ ಜಾಗ ಇರುವುದಿಲ್ಲ. ಒಳ್ಳೆಯ ಮೇಣಗಳಲ್ಲಿ ತುಕ್ಕು ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಆದ್ದರಿಂದ ಗಟ್ಟಿಯಾಗಿ ಅಂಟಿಕೊಂಡ ತೆಳು ತುಕ್ಕಿನ ಮೇಲೆ ಮೇಣ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಚಕ್ಕೆಯಾಗಿ ಏಳುವ ತುಕ್ಕು ಬೇರೆ. ಮೇಣ ಮೇಲಿನ ಚಕ್ಕೆಗೆ ಮಾತ್ರ ತಾಗುತ್ತದೆ, ಆ ಚಕ್ಕೆ ಉದುರಿದರೆ ಮೇಣವೂ ಅದರ ಜೊತೆ ಹೋಗುತ್ತದೆ. ಅಂಥದ್ದು ಇದ್ದರೆ ಸಿಲ್ ಅನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ, ಗಾಳಿ ಊದಿ, ಬಿಡಿ ತುಕ್ಕೆಲ್ಲ ಹೊರಗೆ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್‌ಗೆ ತೆಳು ಪೈಪ್ ಸಿಕ್ಕಿಸಿ ಎಳೆಯಿರಿ. ಸುತ್ತಿಗೆ ತಟ್ಟುವಾಗಲೇ ತೂತು ಬಿದ್ದರೆ ಬೇಸರ ಬೇಡ, ಆ ತಗಡು ಆಗಲೇ ಹೋಗಿತ್ತು.

ಮೊದಲ ಸಲ ಆದಷ್ಟು ತೆಳುವಾದದ್ದನ್ನು ಹೊಡೆಯಿರಿ. ಕೆಲವು ದಿನ ಬಿಟ್ಟು, ತುಕ್ಕು ಅದನ್ನು ಕುಡಿದ ಮೇಲೆ, ಮತ್ತೊಮ್ಮೆ ಹೊಡೆಯಿರಿ. ತುಕ್ಕನ್ನು ಕಪ್ಪು ಮಾಡುವ ಕನ್ವರ್ಟರ್ ಅನ್ನು ನಾನು ಮುಚ್ಚಿದ ಟೊಳ್ಳಿಗೆ ಹೇಳುವುದಿಲ್ಲ. ಅದು ನೀರು ಬೆರೆತ ಆಸಿಡ್, ಸಂದಿಯಲ್ಲಿ ಉಳಿದರೆ ತೊಳೆಯುವುದು ಯಾರು? ಬ್ರಷ್ ಹಿಡಿದು ಮುಟ್ಟಬಹುದಾದ ಕಡೆ ಅದು ಸರಿ.

ಪ್ರಶ್ನೆ: ನನ್ನದು 1985ರ ಟಿ3, ಅಂದರೆ ಫೋಕ್ಸ್‌ವ್ಯಾಗನ್ ವ್ಯಾನಿನ ಮೂರನೇ ತಲೆಮಾರು. ಬಾಡಿಯ ಪಕ್ಕದಲ್ಲಿ ಮೇಲಿಂದ ಕೆಳಗೆ ಬರುವ ಜಾಯಿಂಟ್ ಗೆರೆಗಳ ಉದ್ದಕ್ಕೂ ಪೇಂಟ್ ಉಬ್ಬಿದೆ. ಹಿಂದಿನ ಮಾಲೀಕರು ಎರಡು ಸಲ ಉಜ್ಜಿ ಪೇಂಟ್ ಮಾಡಿಸಿದ್ದರಂತೆ. ಮತ್ತೆ ಬಂದಿದೆ. ಇದಕ್ಕೆ ಹೊರಗಿಂದ ಮೇಣ ಬಳಿದರೆ ಸರಿಹೋಗುತ್ತದೆಯೇ?
— ಗೆರೆಗಳ ಕಾಟದಿಂದ ಬೇಸತ್ತವ

ಉತ್ತರ: ಹೊರಗಿಂದ ಬಳಿದರೆ ಏನೂ ಆಗುವುದಿಲ್ಲ. ಹೊರಗಿಂದ ಪೇಂಟ್ ಮಾಡಿಸಿದ್ದು ಯಾಕೆ ನಿಲ್ಲಲಿಲ್ಲವೋ ಅದೇ ಕಾರಣಕ್ಕೆ.

ಟಿ3 ಬಾಡಿಯ ದೊಡ್ಡ ದೊಡ್ಡ ತಗಡುಗಳು ಈ ಗೆರೆಗಳಲ್ಲಿ ಸೇರುತ್ತವೆ. ಗೆರೆಯ ಹಳ್ಳಕ್ಕೆ ಫ್ಯಾಕ್ಟರಿಯಲ್ಲಿ ಸೀಲರ್ ತುಂಬಿ ಮೇಲೆ ಪೇಂಟ್ ಮಾಡಿದ್ದಾರೆ. ಸೀಲರ್‌ಗೆ ವಯಸ್ಸಾದರೆ ಗಟ್ಟಿಯಾಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ಅಷ್ಟೇ ಸಾಕು. ನೀರು ಒಳಗೆ ಹೋಗುತ್ತದೆ, ಸೀಲರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಬೇಕು. ಅದು ಬೆಳೆದು ಸೀಲರನ್ನು, ಪೇಂಟನ್ನು ಹೊರಗೆ ತಳ್ಳುತ್ತದೆ. ನಿಮಗೆ ಉಬ್ಬು ಕಂಡಾಗ ಒಳಗೆ ಕೆಲಸ ಶುರುವಾಗಿ ಬಹಳ ದಿನ ಆಗಿರುತ್ತದೆ.

ಹಿಂದಿನವರು ಉಬ್ಬನ್ನು ಉಜ್ಜಿ ಮೇಲೆ ಪೇಂಟ್ ಹೊಡೆಸಿದ್ದಾರೆ. ನೀವು ಸೀಲರನ್ನೇ ಪೂರ್ತಿ ಕೆರೆದು ತೆಗೆಯಿರಿ. ಬರೀ ಉಬ್ಬಿದ ಕಡೆ ಅಲ್ಲ, ಆ ಗೆರೆಯ ಉದ್ದಕ್ಕೂ. ಹಳ್ಳದಲ್ಲಿ ಹೊಳೆಯುವ ಕಬ್ಬಿಣ ಕಾಣುವವರೆಗೆ ತುಕ್ಕು ತೆಗೆಯಿರಿ. ಉಳಿದ ಕಪ್ಪು ಚುಕ್ಕಿಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ಕನ್ವರ್ಟರ್ ಹಚ್ಚಿ, ತೊಳೆದು, ಒಣಗಿಸಿ. ಎಪಾಕ್ಸಿ ಪ್ರೈಮರ್. ಅದರ ಮೇಲೆ ಹೊಸ ಪಾಲಿಯುರೆಥೇನ್ ಸೀಲರ್. ಆಮೇಲೆ ಪೇಂಟ್. ಸಿಲಿಕಾನ್ ಮಾತ್ರ ಮುಟ್ಟಬೇಡಿ, ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ.

ಮೇಣದ ಸರದಿ ಈಗ, ಅದೂ ಒಳಗಿಂದ. ಒಳಗಿನ ಪ್ಲೈವುಡ್ ಪ್ಯಾನೆಲ್ ಬಿಚ್ಚಿದರೆ ಅದೇ ಗೆರೆಯ ಹಿಂಬದಿ ಕಾಣುತ್ತದೆ. ಅಲ್ಲಿಗೆ ತೆಳು ಮೇಣ ಧಾರಾಳವಾಗಿ ಹೊಡೆಯಿರಿ. ಪೇಂಟ್ ಕೆಲಸ ಪೂರ್ತಿ ಮುಗಿದ ಮೇಲೇ ಹೊಡೆಯಬೇಕು ಅನ್ನುವುದು ನೆನಪಿರಲಿ. ಮೊದಲೇ ಹೊಡೆದರೆ ಸಂದಿಯಿಂದ ಮೇಣ ಹೊರಗೆ ಜಿನುಗಿ, ಹೊಸ ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಪೇಂಟರ್ ನಿಮ್ಮನ್ನು ಬೈಯುತ್ತಾರೆ, ಬೈಯಲು ಅವರಿಗೆ ಹಕ್ಕೂ ಇದೆ.

ಇನ್ನೊಂದು. ಪೆಟ್ರೋಲ್ ಹಾಕುವ ಬಾಯಿಯ ಹಿಂದಿನ ಗೂಡಿನಲ್ಲಿ ಕೆಸರು ತುಂಬಿಕೊಂಡಿರುತ್ತದೆ. ಅದನ್ನೂ ತೊಳೆದು ಮೇಣ ಹಾಕಿಬಿಡಿ.

ಪ್ರಶ್ನೆ: ನನ್ನ ಕ್ಯಾಂಪರ್ ವ್ಯಾನ್ ಯಾವಾಗಲೂ ಶೆಡ್ಡಿನಲ್ಲೇ ಇರುತ್ತದೆ. ರಜೆಯಲ್ಲಿ ಮಾತ್ರ ತೆಗೆಯುತ್ತೇವೆ, ಒಳಗೇ ಮಲಗುತ್ತೇವೆ, ಒಳಗೇ ಅಡುಗೆ. ಮಳೆಗೆ ನಿಲ್ಲಿಸಿದ್ದೇ ಇಲ್ಲ ಅನ್ನಬಹುದು. ಆದರೂ ಕಿಟಕಿಯ ಕೆಳಗೆ, ಗೋಡೆಯ ಒಳಬದಿಯಲ್ಲಿ ತುಕ್ಕು. ಇದು ಎಲ್ಲಿಂದ ಬಂತು?
— ಮಳೆ ಕಾಣದ ವ್ಯಾನಿನ ಯಜಮಾನಿ

ಉತ್ತರ: ನಿಮ್ಮಿಂದಲೇ ಬಂತು ಅಂದರೆ ಸಿಟ್ಟು ಬರಬಹುದು. ಆದರೆ ಇದೇ ನಿಜ.

ಮಲಗಿದ ಮನುಷ್ಯ ರಾತ್ರಿಯಿಡೀ ಉಸಿರಿನಲ್ಲಿ ನೀರಾವಿ ಬಿಡುತ್ತಲೇ ಇರುತ್ತಾನೆ. ಬೆಳಿಗ್ಗೆ ಗಾಜಿನ ಮೇಲೆ ನೀರಿಳಿಯುವುದನ್ನು ನೋಡಿದ್ದೀರಲ್ವಾ? ಗಾಜಿನ ಮೇಲೆ ಕಾಣುವುದು, ಪ್ಲೈವುಡ್ ಹಿಂದಿನ ತಗಡಿನ ಮೇಲೂ ಅಷ್ಟೇ ಇದೆ, ಕಾಣುವುದಿಲ್ಲ. ಇನ್ನು ಒಲೆ. ಅಡುಗೆ ಅನಿಲ ಉರಿದಾಗ ಅದರಲ್ಲಿರುವ ಹೈಡ್ರೋಜನ್ ನೀರಾಗುತ್ತದೆ. 1 ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರು. ಉರಿಸಿದ್ದಕ್ಕಿಂತ ನೀರೇ ಜಾಸ್ತಿ! ಪಾತ್ರೆಯಿಂದ ಏಳುವ ಹಬೆ ಇದರ ಲೆಕ್ಕಕ್ಕೆ ಸೇರಿಲ್ಲ. ಕಿಟಕಿ ಮುಚ್ಚಿದ ವ್ಯಾನಿನಲ್ಲಿ ಇದೆಲ್ಲ ಎಲ್ಲಿ ಹೋಗಬೇಕು? ಮನೆಯ ಗೋಡೆಯಾದರೆ ಸ್ವಲ್ಪ ಹೀರಿಕೊಳ್ಳುತ್ತದೆ. ತಗಡು ಹೀರುವುದಿಲ್ಲ.

ಬಿಸಿಲು, ಚಳಿ ತಡೆಯಲೆಂದು ಗೋಡೆಯೊಳಗೆ ಗಾಜಿನ ಉಣ್ಣೆ (ಗ್ಲಾಸ್ ವೂಲ್) ತುಂಬಿಸಿದ್ದರೆ ಇನ್ನೂ ಕಷ್ಟ. ಅದು ಒದ್ದೆಯಾದರೆ ತಿಂಗಳುಗಟ್ಟಲೆ ಒಣಗುವುದಿಲ್ಲ, ಒದ್ದೆ ಬಟ್ಟೆಯನ್ನು ತಗಡಿಗೆ ಒತ್ತಿ ಹಿಡಿದಂತೆ ಇರುತ್ತದೆ. ನನ್ನ ಕೇಳಿದರೆ ಅದನ್ನು ಕಿತ್ತು ಬಿಸಾಡಿ ಅನ್ನುತ್ತೇನೆ. ನೀರು ಹಿಡಿಯದ, ಮುಚ್ಚಿದ ಗುಳ್ಳೆಗಳಿರುವ ಫೋಮ್ ಶೀಟು ಸಿಗುತ್ತದೆ, ಅದನ್ನು ಹಾಕಿ.

ಕೆಲಸದ ಕ್ರಮ ಹೀಗಿರಲಿ. ಪ್ಯಾನೆಲ್ ಬಿಚ್ಚಿ. ತುಕ್ಕು ಕೈಗೆ ಸಿಗುವ ಕಡೆ ಉಜ್ಜಿ, ಪ್ರೈಮರ್, ಪೇಂಟ್. ಕಿಟಕಿಯ ಕೆಳಗಿನ ಟೊಳ್ಳು, ಅಡ್ಡ ಪಟ್ಟಿಗಳ ಒಳಗೆ ಮೇಣ. ಆದರೆ ದೊಡ್ಡ ಸಪಾಟು ಗೋಡೆಗೆಲ್ಲ ಮೇಣ ಬಳಿಯಬೇಡಿ. ಅಲ್ಲಿ ಪೇಂಟೇ ಸಾಕು, ಮೇಣದ ಮೇಲೆ ಫೋಮ್ ಶೀಟಿನ ಅಂಟೂ ಹಿಡಿಯುವುದಿಲ್ಲ. ಮಲಗುವ ವ್ಯಾನಿನಲ್ಲಿ ದ್ರಾವಕದ ವಾಸನೆ ಒಳ್ಳೆಯದೂ ಅಲ್ಲ. ಟೊಳ್ಳಿಗೆ ಹೊಡೆದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ, ಬಾಗಿಲು ತೆರೆದಿಟ್ಟು ಕೆಲವು ವಾರ ಬಿಡಿ. ಆಮೇಲೆ ಮಲಗಿ. ವಾಸನೆ ತಡೆಯಲಾರದವರು ಲ್ಯಾನೋಲಿನ್ ಇರುವುದನ್ನು ನೋಡಬಹುದು. ಅದು ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಅದಕ್ಕೂ ಒಂದು ವಾಸನೆ ಇದೆ, ಕುರಿಯದ್ದೇ. ಆದರೆ ದ್ರಾವಕ ಇಲ್ಲದ್ದು ಸಿಗುತ್ತದೆ.

ಬಾಗಿಲಿನ ಒಳ ಪ್ಯಾನೆಲ್ ಬಿಚ್ಚಿದಾಗ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸುಮ್ನೆ ಇಟ್ಟಿದ್ದಾರೆ ಅಂತ ಎಷ್ಟೋ ಗ್ಯಾರೇಜಿನವರು ಹರಿದು ಎಸೆಯುತ್ತಾರೆ. ಗಾಜಿನಿಂದ ಇಳಿದ ನೀರು ಬಾಗಿಲ ಒಳಗೇ ಕೆಳಗೆ ಹೋಗಲಿ ಎಂದು ಅದನ್ನು ಇಟ್ಟಿರುವುದು. ಹರಿದಿದ್ದರೆ ಹೊಸದು ಕತ್ತರಿಸಿ ಅಂಟಿಸಿ. ಮತ್ತೆ, ಅಡುಗೆ ಮಾಡುವಾಗ ಕಿಟಕಿ ತೆರೆಯಿರಿ. ಇದು ತುಕ್ಕಿಗಿಂತ ನಿಮ್ಮ ಜೀವಕ್ಕೇ ಬೇಕಾದ ಮಾತು.

ಪ್ರಶ್ನೆ: ಹಿಂದಿನ ವರ್ಷ ಇಡೀ ವ್ಯಾನಿಗೆ ಮೇಣ ಹೊಡೆಸಿದೆ. ಈಗ ಒಂದು ಕಡೆ ವೆಲ್ಡಿಂಗ್ ಬಾಕಿ ಇತ್ತು ಎಂದು ಗೊತ್ತಾಗಿದೆ. ಹಾಗೇ ಮಾಡಿಸಬಹುದೇ?
— ಆತುರಗಾರ

ಉತ್ತರ: ಹಾಗೇ ಮಾಡಿಸಬೇಡಿ. ಮೇಣ ತುಂಬಿದ ಟೊಳ್ಳಿಗೆ ವೆಲ್ಡಿಂಗ್ ಕಿಡಿ ಬಿದ್ದರೆ ಬೆಂಕಿ ಒಳಗೆ ಹತ್ತುತ್ತದೆ, ಹೊರಗೆ ಕಾಣುವುದಿಲ್ಲ. ಸಿಲ್ ಉದ್ದಕ್ಕೂ ಹರಿದು ಇನ್ನೊಂದು ಕಡೆಯಿಂದ ಹೊಗೆ ಬಂದಾಗ ಗೊತ್ತಾಗುತ್ತದೆ. ಮೊದಲ ಮಾತು, ವೆಲ್ಡ್ ಮಾಡುವವರಿಗೆ ಒಳಗೆ ಮೇಣ ಇದೆ ಎಂದು ಹೇಳಿ. ಹೇಳದೆ ಗಾಡಿ ಬಿಟ್ಟು ಹೋಗುವ ಜನ ಇದ್ದಾರೆ, ಅವರ ಮೇಲೆ ನನಗೆ ಬಹಳ ಸಿಟ್ಟು. ವೆಲ್ಡ್ ಆಗುವ ಜಾಗದ ಸುತ್ತ ತಗಡು ಕತ್ತರಿಸಿ ತೆರೆದು, ಮೇಣವನ್ನು ಕೆರೆದು, ವೈಟ್ ಸ್ಪಿರಿಟ್ ಎಂಬ ಪೇಂಟ್ ತೆಳು ಮಾಡುವ ದ್ರಾವಕದಲ್ಲಿ ಒರೆಸಿ, ಆ ಸ್ಪಿರಿಟ್ ಪೂರ್ತಿ ಆರಿದ ಮೇಲೆ ಕೆಲಸ ಮಾಡಬೇಕು. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಇನ್ನೊಬ್ಬರು ನಿಂತಿರಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಗಾಡಿಯ ಹತ್ತಿರವೇ ಇರಬೇಕು. ಬೆಸುಗೆ ಆದ ಕಡೆ ಮೇಣ ಸುಟ್ಟುಹೋಗಿರುತ್ತದೆ, ಅಲ್ಲಿಗೆ ಮತ್ತೆ ಹೊಡೆಯಿರಿ.

ಪ್ರಶ್ನೆ: ಮೇಣ ಯಾಕೆ, ಎಂಜಿನ್‌ನಿಂದ ತೆಗೆದ ಹಳೇ ಆಯಿಲ್ ಬಳಿದರೆ ಆಗುವುದಿಲ್ಲವೇ? ನಮ್ಮ ಅಜ್ಜ ಅದನ್ನೇ ಮಾಡುತ್ತಿದ್ದರು.
— ಅಜ್ಜನ ಮೊಮ್ಮಗ

ಉತ್ತರ: ಅಜ್ಜನ ಕಾಲದಲ್ಲಿ ಬೇರೆ ಏನೂ ಸಿಗುತ್ತಿರಲಿಲ್ಲ, ಅವರು ಮಾಡಿದ್ದು ಸರಿ. ಈಗ ಬೇಡ. ಹಳೇ ಆಯಿಲ್‌ನಲ್ಲಿ ಉರಿದ ಇಂಧನದಿಂದ ಬಂದ ಆಮ್ಲವೂ ಇರುತ್ತದೆ, ನೀರೂ ಇರುತ್ತದೆ. ತುಕ್ಕು ತಡೆಯಲು ಹೋಗಿ ಅದಕ್ಕೆ ಬೇಕಾದ್ದನ್ನೇ ಕೊಟ್ಟ ಹಾಗಾಯಿತು. ಬುಶ್ಶು, ಬೀಡಿಂಗಿನಂಥ ರಬ್ಬರ್ ಉಬ್ಬಿ ಹಾಳಾಗುತ್ತದೆ. ಚರ್ಮಕ್ಕೆ ಕೆಟ್ಟದ್ದು. ಮೊದಲ ಮಳೆಗೇ ತೊಳೆದು ನೆಲಕ್ಕೆ ಇಳಿಯುತ್ತದೆ, ಆ ನೆಲದ ಕೆಳಗೆ ಯಾರದ್ದೋ ಬಾವಿ ಇರುತ್ತದೆ.

ಪ್ರಶ್ನೆ: ಒಮ್ಮೆ ಮೇಣ ಹೊಡೆಸಿದರೆ ಎಷ್ಟು ವರ್ಷ ನಿಶ್ಚಿಂತೆ? ನನಗೆ ಕೆಲಸ ಮಾಡಿಕೊಟ್ಟವರು ಜೀವನಪೂರ್ತಿ ಅಂದರು.
— ನಂಬಬೇಕೋ ಬೇಡವೋ ತಿಳಿಯದವ

ಉತ್ತರ: ಯಾರ ಜೀವನ ಅಂತ ಅವರನ್ನು ಕೇಳಬೇಕಿತ್ತು.

ಟೊಳ್ಳಿನೊಳಗಿನ ಮೇಣಕ್ಕೆ ಬಿಸಿಲಿಲ್ಲ, ಕಲ್ಲಿನ ಏಟಿಲ್ಲ. ಹಾಗಾಗಿ ಅದು ಹಲವು ವರ್ಷ ಬಾಳುತ್ತದೆ. ಅಡಿಯದ್ದು ಹಾಗಲ್ಲ. ಚಕ್ರದ ಹಿಂದಿನ ಭಾಗದಲ್ಲಿ ಒಂದೇ ವರ್ಷದಲ್ಲಿ ಸವೆದು ತಗಡು ಕಾಣಬಹುದು. ಮೆತ್ತಗಿನ ಲ್ಯಾನೋಲಿನ್ ಜಿಡ್ಡು ಅಡಿಯಲ್ಲಿ ಇನ್ನೂ ಬೇಗ ತೊಳೆದುಹೋಗುತ್ತದೆ, ಅದನ್ನು ವರ್ಷಕ್ಕೊಮ್ಮೆ ಹಚ್ಚುವುದೆಂದೇ ಲೆಕ್ಕ ಇಟ್ಟುಕೊಳ್ಳಿ. ಸಮುದ್ರದ ಪಕ್ಕ ಇರುವವರು, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರಿನವರು ಇನ್ನೂ ಎಚ್ಚರ ಇರಬೇಕು. ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ತುಕ್ಕು ಹಿಡಿಯುವುದೂ ಒಂದು ಸಣ್ಣ ಬ್ಯಾಟರಿಯ ಕೆಲಸವೇ, ಹಾಗಾಗಿ ಉಪ್ಪು ಸಿಕ್ಕರೆ ಅದು ಓಡುತ್ತದೆ.

ವರ್ಷಕ್ಕೊಮ್ಮೆ, ಮಳೆ ಅಥವಾ ಹಿಮದ ಕಾಲ ಶುರುವಾಗುವ ಮೊದಲು, ಅಡಿ ತೊಳೆದು ಒಣಗಿಸಿ ಟಾರ್ಚ್ ಹಿಡಿದು ನೋಡಿ. ಹೈ ಪ್ರೆಶರ್ ನೀರನ್ನು ಹತ್ತಿರದಿಂದ ಹಿಡಿಯಬೇಡಿ, ಮೇಣವೂ ಕಿತ್ತು ಬರುತ್ತದೆ. ಬೆರಳಿನಿಂದ ಮುಟ್ಟಿದಾಗ ಜಿಗುಟು ಇದ್ದರೆ ಸರಿ. ಒಣಗಿ ಪುಡಿಯಾಗುತ್ತಿದ್ದರೆ, ತೆಳುವಾಗಿ ತಗಡು ಕಾಣುತ್ತಿದ್ದರೆ ಆ ಕಡೆಗೆ ಮಾತ್ರ ಮತ್ತೆ ಬಳಿಯಿರಿ. ಇಡೀ ವ್ಯಾನಿಗೆ ಮತ್ತೆ ಹೊಡೆಯುವ ಅಗತ್ಯ ಇಲ್ಲ. ಹಳೇ ಮೇಣದ ಮೇಲೆ ಹೊಸ ಮೇಣ ಚೆನ್ನಾಗಿ ಕೂಡಿಕೊಳ್ಳುತ್ತದೆ. ಟಾರಿನ ಕೋಟಿಂಗಿಗೆ ಈ ಅನುಕೂಲ ಇಲ್ಲ.

ಟೊಳ್ಳುಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಕ್ಯಾಮೆರಾ ಬಿಟ್ಟು ನೋಡಿದರೆ ಸಾಕು. ಎಲ್ಲೆಲ್ಲಿ ಹೊಡೆಸಿದ್ದೀರಿ, ಯಾವ ತೂತಿನಿಂದ, ಯಾವ ಮೇಣ ಎಂದು ಒಂದು ಹಾಳೆಯಲ್ಲಿ ಬರೆದು ಗಾಡಿಯ ಕಾಗದಗಳ ಜೊತೆ ಇಡಿ. ಜೀವನಪೂರ್ತಿ ಅಂದವರ ಹತ್ತಿರವೂ ಈ ಹಾಳೆ ಕೇಳಿ. ಕೊಡಲು ಆಗದಿದ್ದರೆ ಒಳಗೆ ನೀವೇ ಇಣುಕಿ ನೋಡಿಬಿಡಿ.

ಪ್ರಶ್ನೆ: ಮೇಣ ಅಂದರೆ ಮೇಣವೇ ತಾನೇ? ಮೇಣದ ಬತ್ತಿ ಕರಗಿಸಿ ಸುರಿದರೆ? ಅಥವಾ ಗಾಡಿಗೆ ಹೊಳಪು ಕೊಡುವ ಪಾಲಿಶ್ ವ್ಯಾಕ್ಸ್ ಬಳಿದರೆ?
— ಉಳಿತಾಯಪ್ರಿಯ

ಉತ್ತರ: ಎರಡೂ ಬೇಡ. ಮೇಣದ ಬತ್ತಿಯ ಪ್ಯಾರಾಫಿನ್ ಆರಿದರೆ ಗಟ್ಟಿಯಾಗಿ, ಗಾಡಿಯ ಅದುರಿಗೆ ಚೂರು ಚೂರಾಗುತ್ತದೆ. ತಗಡಿಗೆ ಸರಿಯಾಗಿ ಅಂಟುವುದೂ ಇಲ್ಲ, ತುಕ್ಕು ತಡೆಯುವ ಅಂಶವೂ ಅದರಲ್ಲಿ ಇಲ್ಲ. ಟೊಳ್ಳಿನ ತಳದಲ್ಲಿ ಹೆಪ್ಪುಗಟ್ಟಿ ನೀರು ಹೋಗುವ ತೂತನ್ನೇ ಮುಚ್ಚುತ್ತದೆ. ಪಾಲಿಶ್ ವ್ಯಾಕ್ಸ್ ಪೇಂಟಿನ ಮೇಲೆ ಹಚ್ಚಲು. ಅಲ್ಲಿ ಧಾರಾಳವಾಗಿ ಹಚ್ಚಿ, ಬಾಗಿಲ ತಳದ ಅಂಚಿಗೂ ಒಂದು ಸುತ್ತು ಹಚ್ಚಿ. ಉಳಿತಾಯ ಮಾಡಲೇಬೇಕೆಂದರೆ ಅಡಿಯ ದಪ್ಪ ಮೇಣವನ್ನು ಮುಂದಿನ ವರ್ಷಕ್ಕೆ ಮುಂದೂಡಿ. ಈ ವರ್ಷ ಟೊಳ್ಳಿನ ಮೇಣ ಒಂದನ್ನೇ ತನ್ನಿ, ಸಿಲ್‌ನಿಂದ ಶುರು ಮಾಡಿ.